ಳ ಇಲ್ಲದ ಕಾದಂಬರಿ

ರದ್ದು ಮಾಡಬೇಕಾದ ಪುಸ್ತಕಗಳ ಪಟ್ಟಿಯಲ್ಲಿ
ಇನ್ನೂರ ಹದಿನಾಲ್ಕನೆಯದು.
ಬೆನ್ನು ಕಿತ್ತಿದೆ. ಗೆದ್ದಲು ಒಂದು ಮೂಲೆಯಿಂದ ಶುರುಮಾಡಿ
ಯಾಕೋ ರುಚಿಸದೆ ಎದ್ದುಹೋಗಿದೆ.
‘ಲೈನು ಕಟ್ಟಾದ ಊರು’. ಎ. ಮಚಾದೊ. ಬೆಲೆ ಮೂರೂವರೆ.
ಶಿವಮೊಗ್ಗದ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಠಸ್ಸೆ ಒತ್ತಿದ ನಾನು
ಈ ಹೆಸರು ಕೇಳಿರಲಿಲ್ಲ.

ಪೆನ್ಷನ್ನಿನ ಕಾಗದ ಹಿಡಿದು ಬಂದಿದ್ದ ಹಳೇ ಜವಾನ ಬೂದ್ಯಪ್ಪ
ಇಣುಕಿ ನೋಡಿ ನಕ್ಕ:
‘ಅದು ಗಂಡಸಲ್ಲ ಮಾರಾಯ್ರೆ, ಅಪೊಲಿನ್ ಬಾಯಿ.
ಟೆಲಿಫೋನ್ ಎಕ್ಸ್‌ಚೇಂಜಿನಾಕೆ.’

ಮನೆಯೊಳಗೆ ಕೊಂಕಣಿ, ಮೇಲಧಿಕಾರಿಗೆ ಇಂಗ್ಲಿಷು.
ಕನ್ನಡ ಅವಳಿಗೆ ಬಂದದ್ದು ತಂತಿಯ ಮೇಲೆ,
ಬೇರೆಯವರ ಬಾಯಿಂದ.
ಸಾಗರದ ದಲ್ಲಾಳಿಯ ಬೈಗುಳ, ತೀರ್ಥಹಳ್ಳಿಯ ಹೆರಿಗೆ ಸುದ್ದಿ,
ಬೊಂಬಾಯಿ ಹೋಟೆಲಿನಿಂದ ಯಾವನೋ
ಮಾತೇ ಆಡದೆ ಸುರಿಸಿದ ಮೂರು ನಿಮಿಷ.
‘ಟೈಮಾಯ್ತು, ಮುಂದುವರಿಸ್ತೀರಾ?’ ಎಂದು ಕೇಳಿ ಕೇಳಿ
ರಾತ್ರಿಪಾಳಿಯಲ್ಲಿ, ಟ್ರಂಕ್‌ಕಾಲ್ ಚೀಟಿಗಳ ಬೆನ್ನಿಗೆ
ಬರೆದಳಂತೆ ಇಡೀ ಕಾದಂಬರಿ.

ಕಥೆ ಇಷ್ಟೇ:
ಅಣೆಕಟ್ಟಿನ ನೀರು ಏರಿ ಅಳಗೋಡು ಎಂಬ ಊರು ಹೋಗುತ್ತದೆ.
ಊರಿಗಿದ್ದದ್ದು ಒಂದೇ ಫೋನು, ಪೋಸ್ಟಾಫೀಸಿನದು.
ಎಕ್ಸ್‌ಚೇಂಜಿನ ಹುಡುಗಿ
ದಿನಾ ರಾತ್ರಿ ಎರಡು ಗಂಟೆಗೆ ಆ ನಂಬರಿಗೆ ತಂತಿ ಚುಚ್ಚಿ
ಗಂಟೆ ಬಾರಿಸುತ್ತಾಳೆ.
ಅಷ್ಟೇ. ಮದುವೆಯಿಲ್ಲ, ಸಾವೂ ಇಲ್ಲ,
ಕೊನೆಗೆ ಅವಳಿಗೆ ಮೆಮೊ ಕೊಡುತ್ತಾರೆ.

ಅಚ್ಚಾದದ್ದು ದುರ್ಗಿಗುಡಿಯ ಒಂದು ಟ್ರೆಡಲ್ ಪ್ರೆಸ್ಸಿನಲ್ಲಿ.
ಮೊಳೆಗಳ ಪೆಟ್ಟಿಗೆಯಲ್ಲಿ
ಳ ಗೂಡು ಖಾಲಿಯಿತ್ತು.
‘ಓದೋರಿಗೆ ತಿಳಿಯುತ್ತೆ ಬಿಡಿಯಮ್ಮ’ ಎಂದನಂತೆ ಮಾಲೀಕ,
ಎಲ್ಲ ಕಡೆ ಲ ಜೋಡಿಸಿದ.

ಹಳ್ಳಿ ಹಲ್ಲಿಯಾಯಿತು.
ಮಳೆಗಾಲವೆಲ್ಲ ಮಲೆ ಬಂತು.
ಗಂಡ ಕುಡಿದು ಮನೆ ಹಾಲುಮಾಡಿದ.
ಪುಟಕ್ಕೆ ನಾಲ್ಕು ಸಲ ಬರುವ ‘ಹೇಳಿದಳು’ ಏನಾಯಿತೆಂದು
ನನ್ನ ಬಾಯಲ್ಲಿ ಹೇಳಿಸಬೇಡಿ.
ಊರು ಒಂದು ತಿಂಗಳು ನಕ್ಕಿತು.
‘ಕೊಂಕಣಿ ನಾಲಿಗೆಗೆ ಕನ್ನಡದ ಳ ಹೊರಳುವುದಿಲ್ಲ’
ಎಂದು ಪತ್ರಿಕೆಯಲ್ಲಿ ಒಬ್ಬ ದೊಡ್ಡವರು ಬರೆದರು.
ಅವರ ಹೆಸರಿನ ರಸ್ತೆ ಇದೆ ಈಗ.
ಆಕೆ ಮತ್ತೆ ಬರೆಯಲಿಲ್ಲ.

ಇಲ್ಲ, ತಪ್ಪಿದೆ. ಬರೆದಳು.
ಪುಸ್ತಕ ಬಿಚ್ಚಿದರೆ ಪುಟಪುಟಕ್ಕೂ
ಲ ಮೇಲೆ ನೀಲಿ ಶಾಯಿಯ ಳ,
ಸ್ವೆಟರಿನ ತೂತಿಗೆ ಹಾಕಿದ ಹೊಲಿಗೆಯಷ್ಟು ಸಣ್ಣದು.
ಹಿಂದಿನ ರಟ್ಟಿಗಂಟಿದ ಚೀಟಿಯಲ್ಲಿ
ಕಾರ್ಡು ನಂಬರು ೧೧೭೩, ೧೧೭೩, ೧೧೭೩.
ಎಪ್ಪತ್ತೊಂದರಿಂದ ತೊಂಬತ್ಮೂರರವರೆಗೆ
ಬೇರೆ ಯಾರೂ ಇಲ್ಲ.
ಅರವತ್ತೇಳು ಸಲ, ಸಲಕ್ಕೆ ಹದಿನೈದು ದಿನ,
ಒಮ್ಮೆ ಮಾತ್ರ ದಂಡ, ಎಂಟಾಣೆ.

ನೂರ ತೊಂಬತ್ತು ಪುಟ. ಕೂತರೆ ಒಂದು ವಾರದ ಕೆಲಸ.
ಮುಗಿಸಲಿಲ್ಲ.
ಮುಗಿದಿದ್ದರೆ ಯಾರೂ ಒಯ್ಯದ ಪುಸ್ತಕವೆಂದು
ಅಂದೇ ರದ್ದಾಗುತ್ತಿತ್ತು, ನನ್ನಂಥವರೇ ಯಾರಾದರೂ
ಕೆಂಪು ಠಸ್ಸೆ ಹೊಡೆಯುತ್ತಿದ್ದರು.
ಹೀಗಂತ ನನಗನ್ನಿಸುತ್ತದೆ. ಬೂದ್ಯಪ್ಪ ಬೇರೆ ಹೇಳುತ್ತಾನೆ:
‘ಕಣ್ಣು ಮಂಜಾಗಿತ್ತು ಬಾಯಮ್ಮಂಗೆ.
ಇಲ್ಲೇ ಕಿಟಕಿ ಹತ್ರ ಕೂರೋರು.’

ಸಂಜೆ ಏಳಕ್ಕೆ ಬೀಗ ಹಾಕಬೇಕು.
ಕೊನೆಯ ಪುಟದವರೆಗೂ ತಿರುವಿದೆ, ಎಲ್ಲ ತಿದ್ದಿದೆ.
ನೂರ ಎಂಬತ್ತೆಂಟರಲ್ಲಿ ಒಂದು ಬಿಟ್ಟಿದೆ.
ನೀರು ಪೋಸ್ಟಾಫೀಸಿನ ಮೆಟ್ಟಿಲು ಹತ್ತಿ, ಮೇಜು ಹತ್ತಿ,
ಫೋನಿನವರೆಗೂ ಬಂದ ಮೇಲೆ,
‘ಅಳಗೋಡು ಮುಲುಗಿತು.’

ಅಳಗೋಡಿನ ಳ ತಿದ್ದಿದ್ದಾಳೆ.
ಅದರ ಪಕ್ಕದ್ದೇ ಇದು, ಕಾಣದಿರಲು ಸಾಧ್ಯವಿಲ್ಲ.
ಅಥವಾ ಮಂಜುಗಣ್ಣಿಗೆ ಸಾಧ್ಯವೋ ಏನೋ.
ನನ್ನ ಜೇಬಿನಲ್ಲೂ ನೀಲಿ ಪೆನ್ನಿತ್ತು.
ಮುಚ್ಚಳ ತೆಗೆದೆ, ಹಾಕಿದೆ.

ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕನ್ನು ಹೊಡೆದುಹಾಕಿ
ನನ್ನದೇ ಕಾರ್ಡಿನ ಮೇಲೆ ಪುಸ್ತಕ ಬರೆದುಕೊಂಡೆ.
ಹದಿನೈದು ದಿನ.
ಆಮೇಲೆ ನೋಡೋಣ.