ಬೋಟಿನ ಕೀಲಿ

ನಡಾವಳಿ ಪುಸ್ತಕ ಹನ್ನೊಂದು ವರ್ಷ ನನ್ನ ಕೈಯಲ್ಲಿತ್ತು.
ಸಿದ್ದಾಪುರದಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿ,
ಒಂಬತ್ತು ಬೆತ್ತದ ಕುರ್ಚಿ,
ಕೂತವರಲ್ಲಿ ಏಳು ಮಂದಿ ಒಬ್ಬರಿಗೊಬ್ಬರು ನೆಂಟರು.
ಗೋಡೆಯಲ್ಲಿ ಗಾಜು ಹಾಕಿಸಿದ ಸಂಕಲ್ಪ:
‘ಸಂತ್ರಸ್ತರಲ್ಲಿ ನಾವು ಭೇದ ಎಣಿಸುವುದಿಲ್ಲ.’
ನಿಜ, ಎಣಿಸಲಿಲ್ಲ.
ಅಕ್ಕಿ ಹಂಚಿದೆವು, ಕಂಬಳಿ ಹಂಚಿದೆವು,
ಹೊಳೆ ಇಳಿದ ಮೇಲೆ ಫೋಟೋ ತೆಗೆಸಿಕೊಂಡೆವು.
ಹಂಚುವ ಕೈಗಳನ್ನು ಮಾತ್ರ ಯಾರೂ ಎಣಿಸಿರಲಿಲ್ಲ.

ಚೋಂದಮ್ಮ ಅಧ್ಯಕ್ಷೆಯಾದ ಮೊದಲ ದಿನ
ಕನ್ನಡಕ ಒರೆಸುತ್ತ ಕೇಳಿದರು,
‘ಸಭೆ ಯಾವಾಗಲೂ ಬುಧವಾರ ಹನ್ನೊಂದಕ್ಕೇ ಯಾಕೆ?’
ಮೊದಲಿಂದ ಹಾಗೇ ಬಂದದ್ದು, ಅಂದೆ.
‘ಕಾಫಿ ಗಿಡದ ಬುಡದಲ್ಲಿರುವವಳು
ಅರ್ಧ ದಿನದ ಕೂಲಿ ಬಿಟ್ಟು ಮಹಡಿ ಹತ್ತಬೇಕೆ,
ತನ್ನ ಕಷ್ಟ ನಮಗೆ ಹೇಳಲು?’
ಅದನ್ನು ಬರೆಯಲಿಲ್ಲ ನಾನು.
‘ಸಮಯದ ಬಗ್ಗೆ ಚರ್ಚಿಸಲಾಯಿತು’ ಅಂತ ಬರೆದೆ.

ಆಮೇಲಿನ ಸಭೆಗಳೆಲ್ಲ ಸಂಜೆ ಐದೂವರೆಗೆ,
ಕರಡಿಗೋಡಿನ ಲೈನ್‌ಮನೆ ಅಂಗಳದಲ್ಲಿ.
ಹಳೆಯ ಅಧ್ಯಕ್ಷರು ಉತ್ತಯ್ಯನವರಿಗೆ ಮಂಡಿನೋವು ಬಂತು,
ಮಹಡಿ ಹತ್ತುವಾಗ ಇಲ್ಲದಿದ್ದದ್ದು.
ನಾಲ್ಕು ಕುರ್ಚಿ ಖಾಲಿ ಮಾಡಿಸಿದರು ಚೋಂದಮ್ಮ,
ಮೊದಲನೆಯದು ಸ್ವಂತ ಭಾವನದ್ದೇ.
ಆ ವರ್ಷ ಹುತ್ತರಿಗೆ ಐನ್‌ಮನೆಯಲ್ಲಿ
ಅವರಿಗೆ ಬಡಿಸಿದವರು ಮುಖ ನೋಡಲಿಲ್ಲವಂತೆ.

ಬಂದವರು: ಮೀನಿನ ಗಾಡಿಯ ಮೊಯ್ದು,
ಮರ ಕಪಾತಿನಲ್ಲಿ ಬಿದ್ದು ಕಾಲು ಕಳಕೊಂಡ ಆರ್ಮುಗಂ,
ಅಸ್ಸಾಮಿನ ಜಮಿಲಾ, ಅರ್ಧ ಕನ್ನಡ, ಅರ್ಧ ಕೈಸನ್ನೆ,
ಎರವರ ಹಾಡಿಯಿಂದ ಕರ್ಪಿ.
ಅವಳ ಹೆಸರನ್ನು ‘ಕೆಂಪಿ’ ಅಂತ ಬರೆದೆ, ಮೂರು ಸಭೆಯಲ್ಲೂ.
ಮೂರರಲ್ಲೂ ಅವಳು ತುಟಿ ಬಿಚ್ಚಲಿಲ್ಲ.
ಕುರ್ಚಿಯ ಅಂಚಿಗೆ ಕೂತು,
ಕೊಟ್ಟ ಬಿಸ್ಕತ್ತು ಸೆರಗಿಗೆ ಕಟ್ಟಿಕೊಂಡು ಹೋದಳು.
‘ನೋಡಿದಿರಾ?’ ಅಂದರು ಉತ್ತಯ್ಯ ನನ್ನ ಕಿವಿಯಲ್ಲಿ.
ತಲೆಯಾಡಿಸಿದೆ. ಆಡಿಸಿದವನು ನಾನೇ.

ಚೋಂದಮ್ಮ ಕಾದರು. ಪ್ರತಿ ಸಲ ಕೊನೆಗೆ
ಅವಳ ಕಡೆ ತಿರುಗಿ, ಒಂದು ಬೀಡಿ ಉರಿದು ಮುಗಿಯುವಷ್ಟು ಹೊತ್ತು
ಸುಮ್ಮನೆ ಕೂತಿರುತ್ತಿದ್ದರು.

ನಾಲ್ಕನೆಯ ಸಲ ಕರ್ಪಿ ಮಗಳ ಕಡೆ ಬಗ್ಗಿ
ತನ್ನ ಮಾತಿನಲ್ಲಿ ಏನೋ ಅಂದಳು.
ಹುಡುಗಿ ಎದ್ದು ನಿಂತು ಕನ್ನಡ ಮಾಡಿದಳು:
‘ಬೋಟಿನ ಕೀಲಿ ಎಲ್ಲಿರ್ತದೆ ಅಂತ ಕೇಳ್ತಾಳೆ ಅವ್ವ.’

ಎಲ್ಲಿರುತ್ತದೆ?
ಗುಡ್ಡದ ಮೇಲೆ, ಉತ್ತಯ್ಯನವರ ಬಂಗಲೆಯಲ್ಲಿ,
ಎರಡು ನಾಯಿ ದಾಟಿ, ಕೋವಿಯ ಬೀರುವಿನೊಳಗೆ.
ಹೊಳೆಯಿಂದ ಎರಡೂವರೆ ಮೈಲಿ.
ಆರು ಮಳೆಗಾಲ ಲೆಕ್ಕದ ಪಟ್ಟಿಯಲ್ಲಿ ನಾನೇ ಬರೆದಿದ್ದೆ:
ಬೋಟು ಒಂದು, ಬೀಗ ಒಂದು, ಸುಸ್ಥಿತಿ.
ಕರ್ಪಿಯ ಅತ್ತೆಯನ್ನು ಕಿತ್ತ ಬಾಗಿಲ ಮೇಲೆ ಮಲಗಿಸಿ
ಈಜಿಕೊಂಡು ತಳ್ಳಿ ತಂದ ರಾತ್ರಿ
ಅದು ಸರಪಳಿಯಲ್ಲಿ, ಇದ್ದಲ್ಲೇ,
ದಾನಿಗಳ ಹೆಸರು ಹೊತ್ತು ತೇಲುತ್ತಿತ್ತು.

ಯಾರೂ ಮಾತಾಡಲಿಲ್ಲ.
ಉತ್ತಯ್ಯ ತಮ್ಮ ಮಂಡಿ ನೋಡಿಕೊಂಡರು.
‘ಬರಕೊಂಡಿರಾ?’ ಅಂದರು ಚೋಂದಮ್ಮ.

ಬರೆದೆ. ಈ ಸಲ ಅವಳು ಕೇಳಿದ ಹಾಗೇ, ಪ್ರಶ್ನೆಯನ್ನೇ.
ಹೆಸರಿಗೆ ಬಂದಾಗ ಪೆನ್ನು ನಿಲ್ಲಿಸಿ ಮಗಳನ್ನು ಕೇಳಿದೆ.
‘ಕ. ಆಮೇಲೆ ಪಿ. ಅದಕ್ಕೊಂದು ಅರ್ಕಾವತ್ತು,’ ಅಂದಳು,
ಒಂದನೇ ಕ್ಲಾಸಿನವನಿಗೆ ಹೇಳುವ ಹಾಗೆ.
ಅಷ್ಟರಲ್ಲಿ ಹೊರಗೆ ಮೊಯ್ದು
ಗಾಡಿ ತಿರುಗಿಸುತ್ತಿದ್ದ, ಗುಡ್ಡದ ಕಡೆಗೆ.