ಕೊನೆಯ ಮನೆ ಮೊದಲು

ಕೊನೆಯ ಮನೆಯದು ಮೊದಲು ಒಳಗೆ ಹೋಗಬೇಕು,
ಮೊದಲ ಮನೆಯದು ಕೊನೆಗೆ, ಬಾಗಿಲ ಬಳಿ.
ಸೆಂಗಾ ಕಲಿಸಿದ ಮೊದಲ ಪಾಠ.
ಅವಳಜ್ಜಿ ಆಗ್ನೆಸ್; ಆ ಹೆಸರನ್ನೇ ಬಾಲದಿಂದ ಓದಿ
ಇವಳಿಗಿಟ್ಟರಂತೆ. ‘ಅದಕ್ಕೇ ಈ ಕೆಲಸ ನನಗೆ ಒಗ್ಗಿದ್ದು’
ಅಂತ ನಕ್ಕಳು, ಹಲ್ಲಿನಲ್ಲಿ ಟೇಪು ಕಚ್ಚಿಕೊಂಡೇ.

ಬೆಳಗಿನ ಆರು. ಡಂಡೀ ಊರ ಮೇಲೆ ಇನ್ನೂ ರಾತ್ರಿ.
ಟೇ ನದಿಯ ಕಡೆಯಿಂದೆದ್ದ ಗಾಳಿ
ಗೋದಾಮಿನ ಶಟರಿನಡಿ ನುಸುಳಿ
ಮೊದಲು ಮಂಡಿಯನ್ನು ಮಾತಾಡಿಸುತ್ತದೆ.
ನಲವತ್ತೊಂಬತ್ತರ ಮಂಡಿ.
ಟೈರು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ನಿಂತಲ್ಲೇ ನಿಂತು
ಲೋಕದವರ ಓಡಾಟ ನೋಡಿಕೊಂಡ ಮಂಡಿ.
ಕಾರ್ಖಾನೆಗೆ ಬೀಗ ಬಿತ್ತು. ಈಗ ಇದರ ಸರದಿ.

ನೂರ ಮೂವತ್ತೇಳು ಪೊಟ್ಟಣ.
ಒಂದೊಂದಕ್ಕೂ ಕೈಯ ಯಂತ್ರ ‘ಕುಯ್’ ಅನ್ನಬೇಕು;
ಅನ್ನದಿದ್ದರೆ ಆ ಪೊಟ್ಟಣ ಇನ್ನೂ ಹುಟ್ಟಿಲ್ಲ.

‘ಓಡಬೇಡ. ಮೊದಲ ದಿನ ಓಡಿದವನು
ಮೂರನೇ ವಾರ ಕುಂಟುತ್ತಾನೆ.
ನಾಯಿಯ ಬಿಸ್ಕತ್ತು ಎಡ ಜೇಬಿಗೆ, ಕೀಲಿ ಬಲಕ್ಕೆ,
ಅದಲುಬದಲಾದರೆ ನಾಯಿ ಕಾಯುವುದಿಲ್ಲ.
ಉಚ್ಚೆಗೆ ಎಲ್ಲಿ ಹೋಗಬಹುದೆಂಬುದು
ಯಂತ್ರದ ನಕ್ಷೆಯಲ್ಲಿಲ್ಲ, ನನ್ನ ತಲೆಯಲ್ಲಿದೆ, ಬರೆದುಕೋ:
ಗುಡ್ಡದ ಮೇಲಿನ ಗ್ರಂಥಾಲಯ,
ಗ್ಯಾರೇಜಿನ ಹಿಂಬಾಗಿಲು,
ಬುಧವಾರ ಮಾತ್ರ ಚರ್ಚು.’

ಎರಡು ದಿನ ಪಕ್ಕದಲ್ಲಿ ಕೂತಳು. ಮೂರನೆಯ ದಿನ
ಆ ಸೀಟಿನ ಮೇಲೆ ಅವಳ ಫ್ಲಾಸ್ಕಿನ ದುಂಡು ಗುರುತು ಮಾತ್ರ.

ಮೊದಲ ಮನೆ, ನಾಲ್ಕನೆಯ ಮಹಡಿ.
ಲಿಫ್ಟಿಲ್ಲ. ಕಲ್ಲಿನ ಮೆಟ್ಟಿಲು,
ಸೆಣಬಿನ ಗಿರಣಿಯ ಹೆಂಗಸರು ಹತ್ತಿ ಇಳಿದು
ನಟ್ಟನಡುವೆ ಸವೆಸಿಟ್ಟ ಹಳ್ಳ.
ನನ್ನ ಪಾದ ಅದರಲ್ಲಿ ಅಳತೆಗೆ ಹೊಲಿದಂತೆ ಕೂತಿತು.
ಬಾಗಿಲು ತೆರೆದ ಹುಡುಗ
‘ಡಂಬೆಲ್ಸು. ನಾಳೆಯಿಂದ ವ್ಯಾಯಾಮ ಶುರು’ ಅಂದ.
ನನಗೆ ಇವತ್ತೇ ಶುರುವಾಗಿತ್ತು.

ಒಂದು ಮನೆಗೆ ನಂಬರಿಲ್ಲ.
ಒಂದು ಬೀದಿ ಯಂತ್ರದ ಪ್ರಕಾರ ನದಿಯೊಳಗಿದೆ.
ಒಬ್ಬಾಕೆ ಬಾಗಿಲ ಸಂದಿಯಿಂದ ಕೈಯೊಂದನ್ನೇ ಚಾಚಿದಳು,
ಮೊಣಕೈವರೆಗೂ ಸೋಪಿನ ನೊರೆ;
ಸಹಿಯ ಜಾಗದಲ್ಲಿ ಒಂದು ಗುಳ್ಳೆ ಒಡೆಯಿತು.

ಹನ್ನೊಂದರ ಹೊತ್ತಿಗೆ ವಾಸನೆ.
ವ್ಯಾನಿನೊಳಗೆ, ಬೆನ್ನ ಹಿಂದೆ, ಎಲ್ಲೋ.
ಹೊಸ ರಬ್ಬರಿನದು, ಇನ್ನೂ ಬಿಸಿಯಿದ್ದಂತೆ.
ತೊಂಬತ್ತಾರನೆಯ ಪೊಟ್ಟಣ: ಸೈಕಲ್ ಟೈರು,
ಮಾಡಿದ್ದು ನಾನು ಹೆಸರು ಕೇಳದ ಯಾವುದೋ ಊರಿನಲ್ಲಿ.
ರಟ್ಟಿಗೆ ಮೂಗು ಹಚ್ಚಿದೆ.
ಗಂಧಕ ಒಂದು ಚಿಟಿಕೆ ಹೆಚ್ಚಾಗಿದೆ ಮಾರಾಯ,
ನಾವಾಗಿದ್ದರೆ ಆ ಸರಕು ಹೊರಗೇ ಬಿಡುತ್ತಿರಲಿಲ್ಲ.
ಅಲ್ಲಿ ಯಂತ್ರದ ಮುಂದೆ ನಿಂತವನ ಮಂಡಿ ಹೇಗಿದೆಯೋ.
‘ಏಳು ನಿಮಿಷ ತಡ’ ಅಂತ ಪರದೆ ಕೆಂಪಾಯಿತು.

ಆ ಮನೆಯಲ್ಲಿ ಯಾರೂ ಇರಲಿಲ್ಲ.
ಯಾರೂ ಇಲ್ಲದಿದ್ದರೆ ಹೊಸ್ತಿಲ ಫೋಟೋ ತೆಗೆಯಬೇಕು, ಅದು ನಿಯಮ.
ಎಷ್ಟು ಹಿಂದೆ ಸರಿದರೂ
ಚಿತ್ರದ ಮೂಲೆಗೆ ನನ್ನ ಎಡಬೂಟಿನ ತುದಿ ಬಂದೇ ಬರುತ್ತದೆ.
ನಲವತ್ತೊಂದು ಹೊಸ್ತಿಲು, ನಲವತ್ತೊಂದು ಬೂಟು.
ಇವತ್ತು ರಾತ್ರಿ ಮುಖ ಗೊತ್ತಿಲ್ಲದವರ ಫೋನುಗಳಲ್ಲಿ
ನಾನು ಕಾಲ್ಬೆರಳಷ್ಟು ಇದ್ದೇನೆ.

ಸಂಜೆ ನಾಲ್ಕಕ್ಕೇ ಕತ್ತಲು.
ಕೊನೆಯ ಪೊಟ್ಟಣ, ಬೆಳಿಗ್ಗೆ ಮೊದಲು ಒಳಗಿಟ್ಟದ್ದು,
ಖಾಲಿ ವ್ಯಾನಿನಲ್ಲಿ ಆಚೆಯಿಂದೀಚೆ ಜಾರುತ್ತ
ತನ್ನಷ್ಟಕ್ಕೆ ಏನೋ ಹೇಳುತ್ತಿತ್ತು.

ಮನೆಗೆ ಬಂದೆ. ಮಾರ್ವೆನ್ ಫೋನು ಮುಂದೆ ಹಿಡಿದಳು:
‘ನಿನ್ನ ಮಂಡಿಗೆ ಪಟ್ಟಿ ತರಿಸಿದ್ದೆ. ನಾನು ಅಂಗಡಿಗೆ ಹೋದಾಗ ಬಂದಿದೆ, ನೋಡು.’
ನಮ್ಮದೇ ಕಾಲೊರಸು, ಒಂದು ಸಣ್ಣ ಡಬ್ಬ,
ಮೂಲೆಯಲ್ಲಿ ಯಾರದೋ ಬೂಟಿನ ತುದಿ,
ನನ್ನದಕ್ಕಿಂತ ಹಳೆಯದು, ಲಾಡಿ ಗಂಟು ಬಿದ್ದದ್ದು.
ಬೆರಳಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ.

ಊರಿದ ರೀತಿ ನೋಡಿದರೆ
ಓಡಿ ಬಂದ ಕಾಲಲ್ಲ.