ಅರ್ಧ ಎಂ.ಎಲ್.

ನಾಲ್ಕನೇ ಜ್ವರ ಎದ್ದ ಹುಳಕ್ಕೆ
ಹಗಲಿಲ್ಲ, ಇರುಳಿಲ್ಲ.
ಸೊಪ್ಪು ಹಾಸಿ ಬಾಗಿಲಿಗೆ ಬಂದು ನಿಂತರೆ
ಒಳಗೆ ಯಾರೋ ಗೋಣಿಯ ಮೇಲೆ
ರಾಗಿ ಸುರಿಯುತ್ತಲೇ ಇರುವ ಸದ್ದು.
ನೂರು ಮೊಟ್ಟೆಯ ಹುಳ, ನಲವತ್ತು ಸಾವಿರ ಬಾಯಿ.
ಎಲ್ಲಕ್ಕೂ ಉಣಿಸಿ, ಕೈ ತೊಳೆದು
ನಾನು ಕೂರುತ್ತೇನೆ,
ಮಗಳು ಅಂಬೆಗಾಲಿಡುವಾಗಿನ
ಸ್ಟೀಲ್ ಬಟ್ಟಲಿನ ಮುಂದೆ.

ನಮ್ಮ ಶಿಡ್ಲಘಟ್ಟದ ಕಡೆ
ಮುದ್ದೆ ಅಗಿಯುವವರನ್ನು ಕಂಡು ನಗುತ್ತಾರೆ.
ಅದ್ದಬೇಕು, ಜಾರಿಸಬೇಕು, ಹಲ್ಲಿಗೆ ತಿಳಿಯಬಾರದು.
ತುತ್ತು ಎಷ್ಟೋ ಗೇಯ್ಮೆ ಅಷ್ಟು ಅನ್ನೋಳು
ಅಜ್ಜಿ ಪಿಳ್ಳಮ್ಮ.
ನಲವತ್ತು ವರ್ಷ ಹಾಗೇ ನುಂಗಿದವಳು
ಈಗ ಮೂವತ್ತು ಎಣಿಸುತ್ತೇನೆ,
ಗೋಲಿಯಷ್ಟು ತುತ್ತಿಗೆ.
ಇಪ್ಪತ್ತೆರಡಕ್ಕೇ ಮೈಮರೆತೆನೋ
ಎದೆಮೂಳೆಯ ಹಿಂದೆ ಕಲ್ಲು ಕೂತಿತು,
ಬಾಯಿ ತುಂಬ ನೊರೆ, ಹಿತ್ತಲಿಗೆ ಓಟ.
ಮದುವೆಮನೆಯಲ್ಲಿ ಅರ್ಧ ಎಲೆಗೆ ಎದ್ದಾಗ
‘ದೊಡ್ಡ ಮನುಷ್ಯಳಾದಳು, ನಮ್ಮನೆ ಅನ್ನ ಇಳಿಯೋಲ್ಲ’
ಅಂದಳು ಓರಗಿತ್ತಿ.
ನಿಜವೇ. ಇಳಿಯೋಲ್ಲ.

ಹೊಕ್ಕುಳಿಗಿಂತ ಮೇಲೆ, ಒಂಚೂರು ಎಡಕ್ಕೆ
ಚರ್ಮದಡಿ ಒಂದು ಗುಂಡಿ.
ಮಲಗಿದಾಗ ಬೆರಳಿಗೆ ಸಿಗುತ್ತದೆ.
ಅಲ್ಲಿಂದೊಂದು ನಳಿಗೆ, ನಳಿಗೆಯ ತುದಿಗೆ
ಹೊಟ್ಟೆಯ ಕೊರಳಿಗೆ ಕಟ್ಟಿದ ಪಟ್ಟಿ.
ಉಪ್ಪುನೀರು ತುಂಬಿದರೆ ಬಿಗಿ, ಎಳೆದರೆ ಸಡಿಲ.
ಎರಡು ಬೆಳೆ ಗೂಡಿನ ದುಡ್ಡು, ಮೇಲೆ ಕೈಬಳೆ
ಅದಕ್ಕೇ ಕೊಟ್ಟದ್ದು.
ಕಟ್ಟಿದ್ದು ಒಂದು ಬೆಳಗಿನ ಕೆಲಸ.
ಒಂಬತ್ತು ವರ್ಷದಿಂದ ಸಾಕುತ್ತಿದ್ದೇನೆ.

ನೂರ ಹದಿನಾರು ಇದ್ದದ್ದು ಎಪ್ಪತ್ತೊಂಬತ್ತು.
ಮೂರನೇ ವರ್ಷ ಮತ್ತೆ ತೊಂಬತ್ತು:
ಪಟ್ಟಿ ಮುದ್ದೆಯನ್ನು ತಡೆಯುತ್ತದೆ,
ಐಸ್‌ಕ್ರೀಮಿಗೆ ಬಾಗಿಲು ತೆಗೆಯುತ್ತದೆ ಅಂತ
ನಾನೇ ಕಂಡುಹಿಡಿದಿದ್ದೆ.
ಸಿಸ್ಟರ್ ಪ್ರಿಸಿಲ್ಲಾ ಬೈಯಲಿಲ್ಲ.
‘ರಾತ್ರಿ ಯಾರ ಜೊತೆ ತಿಂತೀರಿ?’ ಅಂದಳು.
ಯಾರ ಜೊತೆಗೂ ಇಲ್ಲ ಸಿಸ್ಟರ್.
ಅದನ್ನೂ ಬರೆದುಕೊಂಡಳು.

ಈ ಸಲ ಕೆಮ್ಮು. ನಡುರಾತ್ರಿ ದಿಂಬಿಗೆಲ್ಲ ಹುಳಿನೀರು.
ಮೊದಲ ಬಸ್ಸಿಗೆ ಚಿಕ್ಕಬಳ್ಳಾಪುರ.
ಪಟ್ಟಿ ಕಟ್ಟಿದ ಡಾಕ್ಟರು ಯಾವುದೋ ದೇಶ ಸೇರಿ ನಾಲ್ಕು ವರ್ಷ.
ಹೊಸಬ, ಹುಡುಗ, ಗುಂಡಿ ಒತ್ತಿ ನೋಡಿ
‘ಇದನ್ನೀಗ ಯಾರೂ ಹಾಕೋಲ್ಲಮ್ಮ’ ಅಂದ,
ಹಳೇ ಪಂಪ್‌ಸೆಟ್ ಬಿಚ್ಚಿದ ಮೆಕ್ಯಾನಿಕ್ಕಿನ ದನಿಯಲ್ಲಿ.
ಹಾಕಿಸಿಕೊಂಡವರು ಇದ್ದೀವಲ್ಲ ಸ್ವಾಮಿ.

ಪ್ರಿಸಿಲ್ಲಾ ಬೀರುವಿನ ಮೂಲೆಯಿಂದ
ಆ ಒಂದು ಜಾತಿಯ ಸೂಜಿ ತೆಗೆದಳು.
‘ಉಸಿರು ಹಿಡೀರಿ, ಲಕ್ಷ್ಮೀದೇವಮ್ಮ.’
ಹೊರಬಂದದ್ದು ಅರ್ಧ ಎಂ.ಎಲ್.
ಕಣ್ಣಿಗೆ ಹಾಕುವ ಡ್ರಾಪ್ಸು ಇರುತ್ತದಲ್ಲ,
ಹತ್ತು ಹನಿ.
ಅಷ್ಟರ ಮೇಲೆ ನಿಂತಿತ್ತು ನನ್ನ ನಿದ್ದೆ.
ಲೋಟದಲ್ಲಿ ನೀರು ಕೊಟ್ಟು ಎದುರಿಗೇ ನಿಂತಳು.
‘ಇಳೀತಾ?’
ಇಳಿಯಿತು.
‘ಮಾರ್ಚಿಗೆ ನನ್ನ ಸರ್ವಿಸ್ ಮುಗಿಯುತ್ತೆ’ ಅಂದಳು,
ಸೂಜಿಯನ್ನು ಡಬ್ಬಿಗೆ ಹಾಕುತ್ತ.
ಆಮೇಲೆ ನನ್ನ ಪುಸ್ತಕದ ಹಿಂದಿನ ಪುಟದಲ್ಲಿ
ಪಟ್ಟಿಯ ಕಂಪನಿ, ತುಂಬಿರುವ ನೀರಿನ ಲೆಕ್ಕ,
ತನ್ನ ಮನೆಯ ನಂಬರು,
ಎಲ್ಲ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಬರೆದಳು.
ವಿಟಮಿನ್ ಬಿಡಬೇಡಿ, ಅಂತ ಕೆಳಗೆ ಎರಡು ಗೆರೆ.

ಸಂಜೆ ಮನೆಗೆ ಬಂದರೆ ಸದ್ದಿಲ್ಲ.
ಒಂದು ಕ್ಷಣ ಎದೆ ಧಸಕ್ಕೆಂದಿತು.
ಹುಳ ಹಣ್ಣಾಗಿತ್ತು.
ಮೈಯೆಲ್ಲ ಜೇನಿನ ಬಣ್ಣ,
ಹಸಿ ಸೊಪ್ಪಿನ ಮೇಲೇ ತಲೆಯೆತ್ತಿ
ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು.
ಸಾಕು ಅಂತ ಅವಕ್ಕೆ ಯಾರು ಹೇಳಿದರು?
ಯಾವ ಗುಂಡಿ, ಯಾವ ನಳಿಗೆ?
ನಮ್ಮವರು ಚಂದ್ರಿಕೆ ತಂದು ಒರಗಿಸಿದರು.
ರಾತ್ರಿ ಒಂಬತ್ತರ ತನಕ ಇಬ್ಬರೂ ಆರಿಸಿ ಬಿಟ್ಟೆವು.

ಆಮೇಲೆ ಅವರು ತಮ್ಮ ತಟ್ಟೆ ಹಿಡಿದು
ಮೊದಲ ಸಲ, ಯಾಕೋ,
ನನ್ನ ಬಟ್ಟಲಿನ ಪಕ್ಕ ಬಂದು ಕೂತರು.
ಮುದ್ದೆ ಮುರಿದು ಸಾರಿಗೆ ಅದ್ದಿ,
ನುಂಗದೆ,
ನನ್ನ ದವಡೆಯನ್ನೇ ನೋಡುತ್ತ
ಅಗಿಯತೊಡಗಿದರು.
ಹನ್ನೊಂದಕ್ಕೆ ಸೋತು ನಕ್ಕರು.
ನಾನು ನಗಲಿಲ್ಲ,
ಹದಿನೇಳರಲ್ಲಿದ್ದೆ.